ಎರಡನೇ ಮಹಡಿಯ ಬಾಗಿಲು

ನನ್ನ ಟೂಲ್ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಮೂರು ಚೀಟಿಗಳು ಅಂಟಿಕೊಂಡಿವೆ. ಸ್ಪ್ಯಾನರ್ ತೆಗೆಯಲು ಮುಚ್ಚಳ ಎತ್ತಿದಾಗಲೆಲ್ಲ ಅವು ಕಣ್ಣಿಗೆ ಬೀಳಬೇಕು ಎಂಬುದು ನನ್ನ ಹೆಂಡತಿಯ ಏರ್ಪಾಡು. ಚಾಮರಾಜಪೇಟೆಯ ನಮ್ಮ ಚರ್ಚಿನಲ್ಲಿ ಅವಳು ಭಾನುವಾರದ ಶಾಲೆಯ ಮಕ್ಕಳಿಗೆ ಸತ್ಯವೇದದ ವಾಕ್ಯಗಳನ್ನು ಬಾಯಿಪಾಠ ಮಾಡಿಸುತ್ತಾಳೆ. ಗಂಡನನ್ನೂ ಅದೇ ತರಗತಿಗೆ ಸೇರಿಸಿಕೊಂಡಿದ್ದಾಳೆ.

ನಾನು ಲಿಫ್ಟ್ ಮೆಕ್ಯಾನಿಕ್. ನಮ್ಮ ಕೆಲಸದಲ್ಲಿ ಪಾಪಕ್ಕೆ ಸೆಳೆಯುವ ಶೋಧನೆ ಕೊಂಬು ಬಾಲ ಹೊತ್ತು ಬರುವುದಿಲ್ಲ, ಫೋನಿನಲ್ಲಿ ಬರುತ್ತದೆ. ಮನೆಯಲ್ಲಿ ದೋಸೆ ಮುರಿಯುತ್ತಾ "ಬಂದ್ಬಿಟ್ಟೆ ಸಾರ್, ಸಿಗ್ನಲ್ಲಲ್ಲಿದೀನಿ" ಎನ್ನದ ಲಿಫ್ಟ್ ಮೆಕ್ಯಾನಿಕ್ ಈ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಮೊದಲನೇ ಚೀಟಿ ಅದಕ್ಕೆ: ಹೌದಾದರೆ ಹೌದೆನ್ನು, ಇಲ್ಲವಾದರೆ ಇಲ್ಲವೆನ್ನು, ಅಷ್ಟು ಸಾಕು. ಎರಡನೆಯದು ನನ್ನ ಸಿಟ್ಟಿಗೆ: ಕರ್ತನೇ, ನನ್ನ ತುಟಿಗಳಿಗೆ ಕಾವಲಿಡು. ಇವೆರಡರಿಂದ ನಾನು ಸಂತನೇನೂ ಆಗಿಲ್ಲ. ಆದರೆ ಚೀಟಿ ಓದುವಷ್ಟು ಹೊತ್ತು ಬಾಯಿ ಮುಚ್ಚಿರುತ್ತದೆ, ಎಷ್ಟೋ ಸಲ ಅಷ್ಟರಲ್ಲಿ ಆಪತ್ತು ದಾಟಿ ಹೋಗಿರುತ್ತದೆ.

ಮೂರನೆಯದು ವಾಗ್ದಾನದ ಚೀಟಿ. ಹೊಸ ವರ್ಷದ ಆರಾಧನೆ ಮುಗಿದ ಮೇಲೆ ನಮ್ಮಲ್ಲಿ ಒಂದು ತಟ್ಟೆ ಹಿಡಿದು ಸಾಲಾಗಿ ಬರುತ್ತಾರೆ. ಅದರಲ್ಲಿ ಸುರುಳಿ ಸುತ್ತಿದ ಚೀಟಿಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಎತ್ತಿಕೊಂಡದ್ದು ಆ ವರ್ಷ ದೇವರು ನಿನಗೆ ಕೊಟ್ಟ ಮಾತು. ಇದೆಲ್ಲ ನಡೆದ ವರ್ಷ ನನಗೆ ಬಂದದ್ದು ಸತ್ಯವೇದದ ಕೀರ್ತನೆಯ ಮಾತು: ನಿನ್ನನ್ನು ಕಾಯಲು ದೂತರಿಗೆ ಅಪ್ಪಣೆಯಾಗಿದೆ, ನಿನ್ನ ಕಾಲು ಕಲ್ಲಿಗೆ ತಗಲದಂತೆ ಅವರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು. ಲಿಫ್ಟ್ ಓಡಾಡುವ ಆಳದ ಗುಂಡಿಯಲ್ಲಿ ಬದುಕುವವನಿಗೆ ಇದಕ್ಕಿಂತ ಒಳ್ಳೆಯ ಚೀಟಿ ಯಾವುದಿದೆ? ಎಲ್ಲರಿಗೂ ತೋರಿಸಿ ಮೆರೆದೆ.

ಆ ಚೀಟಿಯೇ ನನ್ನನ್ನು ಸಿಕ್ಕಿಸಿತು. ಅಥವಾ ಚೀಟಿಯ ಹೆಸರು ಹೇಳಿಕೊಂಡು ನಾನೇ ಸಿಕ್ಕಿಹಾಕಿಕೊಂಡೆ.

ಒಂದು ಸೋಮವಾರ ಮಲ್ಲೇಶ್ವರದ ಅಡ್ಡರಸ್ತೆಯೊಂದರ ನಾಲ್ಕು ಮಹಡಿಯ ಹಳೆಯ ಕಟ್ಟಡದಿಂದ ಕರೆ ಬಂತು. ಲಿಫ್ಟ್ ನೆಲಮಹಡಿಯಲ್ಲಿ ನಿಂತುಬಿಟ್ಟಿತ್ತು. ಹಳೆಯ ಮಾದರಿಯದು, ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆದು ತೆಗೆಯುವ ಬಾಗಿಲು, ಅದರ ನಡುವೆ ಉದ್ದಕ್ಕೆ ಒಂದು ಗಾಜಿನ ಪಟ್ಟಿ. ಪ್ರತಿ ಬಾಗಿಲಿಗೂ ಒಂದು ಲಾಕ್. ಲಿಫ್ಟ್ ಆ ಮಹಡಿಗೆ ಬಂದು ನಿಂತಾಗ ಮಾತ್ರ ಲಾಕಿನ ಕೊಕ್ಕೆ ಬಿಟ್ಟುಕೊಳ್ಳಬೇಕು. ಮಿಕ್ಕ ಹೊತ್ತಿನಲ್ಲಿ ಕೊಕ್ಕೆ ಸರಿಯಾಗಿ ಕೂತಿದೆ ಎಂದು ಒಳಗಿನ ಸ್ವಿಚ್ ಹೇಳುತ್ತಿರಬೇಕು. ಐದು ಬಾಗಿಲುಗಳೂ ಹೌದೆಂದರೆ ಮೋಟರ್ ತಿರುಗುತ್ತದೆ. ಒಂದು ಸುಮ್ಮನಾದರೂ ತಿರುಗುವುದಿಲ್ಲ.

ತಾರಸಿಯ ಮೋಟರ್ ಕೋಣೆಗೆ ಹತ್ತಿ ಪ್ಯಾನೆಲ್ ತೆಗೆದೆ. ಇಂಥದ್ದಕ್ಕೆ ನಮ್ಮ ಬಳಿ ಒಂದು ಗೇಣುದ್ದದ ಕೆಂಪು ತಂತಿ ಇರುತ್ತದೆ, ಎರಡು ತುದಿಗೂ ಕ್ಲಿಪ್ಪು. ಜಂಪರ್ ಎನ್ನುತ್ತೇವೆ. ಒಂದೊಂದೇ ಬಾಗಿಲಿನ ಸ್ವಿಚ್ಚಿಗೆ ಅಡ್ಡಲಾಗಿ ಅದನ್ನು ಸಿಕ್ಕಿಸುತ್ತಾ ಹೋದರೆ, ಯಾವ ಬಾಗಿಲಿಗೆ ಸಿಕ್ಕಿಸಿದಾಗ ಮೋಟರ್ ಏಳುತ್ತದೋ ಆ ಬಾಗಿಲಿನಲ್ಲೇ ದೋಷ. ಎರಡನೇ ಮಹಡಿ ಎಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಕೆಳಗಿಳಿದು ಲಾಕ್ ಬಿಚ್ಚಿ ನೋಡಿದರೆ ಸ್ವಿಚ್ಚಿನ ಕವಚ ಸೀಳಿಹೋಗಿತ್ತು, ಕೊಕ್ಕೆಯ ಮೂತಿ ಸವೆದು ನುಣ್ಣಗಾಗಿತ್ತು. ಲಿಫ್ಟ್ ಕೆಳಗಿರುವಾಗಲೇ ಎರಡು ಬೆರಳಿನಲ್ಲಿ ಎಳೆದೆ, ಬಾಗಿಲು ಬಂತು. ಎದುರಿಗೆ ಕತ್ತಲು, ತೂಗುವ ಹಗ್ಗಗಳು, ಕೆಳಗೆ ಗುಂಡಿ.

ಜಂಪರಿನ ಬಗ್ಗೆ ನಮ್ಮಲ್ಲಿ ಒಂದೇ ಕಟ್ಟಳೆ. ಪರೀಕ್ಷೆಗೆ ಹಾಕಬಹುದು, ಹಾಕಿಟ್ಟು ಹೋಗಬಾರದು. ಹಾಕಿಟ್ಟು ಹೋದರೆ ಮುಚ್ಚಿರದ ಬಾಗಿಲನ್ನೂ ಲಿಫ್ಟ್ ಮುಚ್ಚಿದೆ ಎಂದೇ ನಂಬಿ ಓಡುತ್ತದೆ. ಕಟ್ಟಳೆ ಎಲ್ಲರಿಗೂ ಗೊತ್ತು, ಹಾಕಿಟ್ಟು ಹೋಗುವುದೂ ಎಲ್ಲರಿಗೂ ಗೊತ್ತು.

ನಮ್ಮ ಕಂಪನಿಯ ಮಾಲೀಕರಿಗೆ ಫೋನ್ ಮಾಡಿದೆ. "ಆ ಲಾಕ್ ಕೊಯಮತ್ತೂರಿಂದ ಬರ್ಬೇಕಪ್ಪಾ, ಶನಿವಾರ ಆಗುತ್ತೆ," ಎಂದರು. "ಅಲ್ಲೀವರ್ಗೂ ಒಂದು ತಂತಿ ಹಾಕ್ಬಿಟ್ಟು ಬಾ. ಹೊಸದೇನಲ್ಲವಲ್ಲ."

"ಕೊಕ್ಕೆನೂ ಸವ್ದಿದೆ ಸಾರ್. ಹಾಕಲ್ಲ."

ಲಿಫ್ಟ್ ಬಂದ್ ಎಂದು ಬೋರ್ಡ್ ನೇತುಹಾಕಿದೆ. ಆಗ ನಾನು ಬಹಳ ಗಟ್ಟಿಗ ಎಂದುಕೊಂಡಿದ್ದೆ.

ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿಗಳು, ನಿವೃತ್ತ ಅಧಿಕಾರಿ, ಕನ್ನಡಕ ಹಣೆಗೇರಿಸಿ ಬಂದರು. "ಶನಿವಾರಾನಾ? ರೀ, ನಾಲ್ಕನೇ ಮಹಡೀಲಿ ಟೀಚರ್ ಇದಾರೆ. ಮಂಗಳವಾರ, ಗುರುವಾರ, ಶನಿವಾರ ಅವರಿಗೆ ಡಯಾಲಿಸಿಸ್. ಅವ್ರು ನಾಲ್ಕು ಮೆಟ್ಲು ಇಳಿಯೋ ಸ್ಥಿತೀಲಿಲ್ಲ. ನೀವು ಶನಿವಾರ ಅಂತೀರಿ!"

ನಾಳೆ ನಾನೇ ಬಂದು ಇಳಿಸಲು ಸಹಾಯ ಮಾಡುತ್ತೇನೆ ಎಂದೆ.

ಮಂಗಳವಾರ ಬೆಳಿಗ್ಗೆ ಟೀಚರನ್ನು ಮೊದಲ ಸಲ ನೋಡಿದೆ. ಎಪ್ಪತ್ತು ದಾಟಿದ ಸಣ್ಣ ಜೀವ, ಬೆಳ್ಳನೆಯ ಕೂದಲು, ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಉಬ್ಬಿತ್ತು. ಆ ಕೈಯನ್ನು ಯಾರೂ ಹಿಡಿಯಬಾರದು, ಒತ್ತಬಾರದು ಎಂದು ಮಗಳು ಮೂರು ಸಲ ಹೇಳಿದರು. ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ವಾಚ್‌ಮನ್ನೂ ಎತ್ತಿದೆವು. ಮೂರನೇ ಮಹಡಿಯ ತಿರುವಿನಲ್ಲಿ ಕುರ್ಚಿಯ ಕಾಲು ಬಳುಕಿತು. ಟೀಚರ್ ಮುಂದಕ್ಕೆ ಜಾರಿ ಎಡಗೈಯನ್ನೇ ಕಂಬಿಗೆ ಕೊಟ್ಟರು. ಮಗಳು ಕೂಗಿಕೊಂಡರು. ಟೀಚರ್ ಕೂಗಲಿಲ್ಲ, ಕಣ್ಣು ಮುಚ್ಚಿ ತುಟಿ ಕಚ್ಚಿಕೊಂಡರು.

ಮಧ್ಯಾಹ್ನ ಆಸ್ಪತ್ರೆಯಿಂದ ಮರಳಿದಾಗ ಅವರ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಹತ್ತಿಸಲು ಇಬ್ಬರು ಸಾಲುವುದಿಲ್ಲ ಎಂದು ಬೆಳಿಗ್ಗೆಯೇ ಗೊತ್ತಾಗಿತ್ತು, ಇನ್ನಿಬ್ಬರು ಸಿಗಲಿಲ್ಲ. ನೆಲಮಹಡಿಯಲ್ಲಿ, ಸ್ಕೂಟರುಗಳ ನಡುವೆ, ಅವರು ಮುಕ್ಕಾಲು ಗಂಟೆ ಕೂತರು. ಆಮೇಲೆ ಮಗಳಿಗೆ ಹೇಳಿದರು, "ಗುರುವಾರ ನಾನು ಹೋಗಲ್ಲ ಕಣೇ. ಒಂದ್ಸಲ ಬಿಟ್ರೆ ಏನಾಗ್ಬಿಡುತ್ತೆ?"

"ಏನಾಗುತ್ತೆ ಅಂತ ಡಾಕ್ಟ್ರು ಹೇಳಿಲ್ವಾ ಅಮ್ಮಾ?"

"ಹೇಳಿದಾರೆ. ಆದ್ರೂ ಹೋಗಲ್ಲ. ನನ್ನಿಂದ ಊರಿಗೆಲ್ಲ ತೊಂದ್ರೆ."

ಮಗಳು ನನ್ನ ಕಡೆ ತಿರುಗಿದರು. ಬೈದಿದ್ದರೆ ಎರಡನೇ ಚೀಟಿ ಇತ್ತು, ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಸುಮ್ಮನೆ ನೋಡಿದರು. ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದೆ. ಈ ಕಡೆ ಎರಡನೇ ಮಹಡಿಯ ಗುಂಡಿ, ಆ ಕಡೆ ಈ ಹೆಂಗಸಿನ ಪ್ರಾಣ. ಗುಂಡಿಗೆ ಯಾರಾದರೂ ಬೀಳಬಹುದು, ಬೀಳದೆಯೂ ಇರಬಹುದು. ಇವರು ಮಾತ್ರ ಕಣ್ಣೆದುರಿಗೇ ಕೂತಿದ್ದರು.

ಮೋಟರ್ ಕೋಣೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಮೂರನೇ ಚೀಟಿ ಎದುರಿಗೇ ಇತ್ತು. ದೂತರು ಕೈಗಳಲ್ಲಿ ಎತ್ತಿಕೊಳ್ಳುವರು. ವರ್ಷದ ಮೊದಲ ದಿನ ಕಣ್ಣು ಮುಚ್ಚಿ ಎತ್ತಿಕೊಂಡ ಮಾತು, ಈ ದಿನಕ್ಕಾಗಿಯೇ ಬಂದಿತ್ತು ಎಂದುಕೊಂಡೆ. ನಿಜ ಹೇಳಬೇಕೆಂದರೆ ಕಣ್ಣಲ್ಲಿ ನೀರು ಬಂತು. ಕೆಂಪು ತಂತಿಯನ್ನು ಎರಡನೇ ಮಹಡಿಯ ಸ್ವಿಚ್ಚಿಗೆ ಅಡ್ಡಲಾಗಿ ಸಿಕ್ಕಿಸಿದೆ.

ಹೆಡ್ಡನಂತೆ ಮಾಡಲಿಲ್ಲ, ಎಚ್ಚರಿಕೆಯಿಂದಲೇ ಮಾಡಿದೆ. ಎರಡನೇ ಮಹಡಿಯ ಬಾಗಿಲ ಹಿಡಿಗೂ ಪಕ್ಕದ ಕಂಬಿಗೂ ನೈಲಾನ್ ಹಗ್ಗ ಬಿಗಿದೆ, ಮುಟ್ಟಬೇಡಿ ಎಂದು ರಟ್ಟಿನ ಮೇಲೆ ಬರೆದು ಕಟ್ಟಿದೆ. ಆ ಮಹಡಿಯ ಮನೆಯ ಬೆಲ್ ಒತ್ತಿದೆ, ಯಾರೂ ಇರಲಿಲ್ಲ. ಮೋಟರ್ ಕೋಣೆಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟುಕೊಂಡೆ. ಟೀಚರ್ ಲಿಫ್ಟಿನಲ್ಲಿ ಮೇಲೆ ಹೋದರು. ಹೋಗುವ ಮುಂಚೆ ಬಲಗೈಯನ್ನು ನನ್ನ ತಲೆಯ ಮೇಲಿಟ್ಟು, "ಚೆನ್ನಾಗಿರಪ್ಪಾ," ಎಂದರು. ಕಾರ್ಯದರ್ಶಿಗಳು, "ನೋಡಿದ್ರಾ? ಮನಸ್ಸಿದ್ರೆ ಮಾರ್ಗ," ಎಂದು ಕಾಫಿ ಕೊಡಿಸಿದರು.

ಸಂಜೆ ಆರಕ್ಕೆ ಮನೆ ಸೇರಿದಾಗ ಹೆಂಡತಿ ಅವರೆಕಾಳು ಹಿದುಕುತ್ತಾ ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ. ವಾಗ್ದಾನದ ಚೀಟಿಯ ಭಾಗವನ್ನು ಸ್ವಲ್ಪ ರಾಗವಾಗಿಯೇ ಹೇಳಿದೆ. ಅವಳು ಮೆಚ್ಚಿಕೊಳ್ಳುತ್ತಾಳೆ ಎಂದು ಕಾದೆ.

ಅವಳ ಕೈ ನಿಂತಿತು. "ರೀ, ಆ ವಾಕ್ಯ ಸತ್ಯವೇದದಲ್ಲಿ ಎರಡು ಕಡೆ ಬರುತ್ತೆ. ಕೀರ್ತನೇಲಿ ಒಂದು. ಇನ್ನೊಂದು ಎಲ್ಲಿ?"

"ಸುವಾರ್ತೇಲಿ."

"ಅಲ್ಲಿ ಅದನ್ನ ಯಾರು ಹೇಳೋದು?"

ಭಾನುವಾರದ ಶಾಲೆಯ ಆರು ವರ್ಷದ ಮಕ್ಕಳಿಗೂ ಗೊತ್ತಿರುವ ಉತ್ತರ. ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುಸ್ವಾಮಿಯನ್ನು ಶೋಧಿಸಲು ಬಂದ ಸೈತಾನ, ಅವರನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಇಲ್ಲಿಂದ ಧುಮುಕು, ದೂತರು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಅವನಿಗೂ ವಾಕ್ಯ ಬಾಯಿಪಾಠ. ಸ್ವಾಮಿ ಕೊಟ್ಟ ಉತ್ತರವೂ ವಾಕ್ಯವೇ: ನಿನ್ನ ದೇವರನ್ನು ಪರೀಕ್ಷಿಸಬೇಡ.

"ಅವನು ಸ್ವಾಮಿಗೇ ಧುಮುಕು ಅಂದ," ಎಂದಳು ಹೆಂಡತಿ. "ನೀವು ಬೇರೆಯವರನ್ನ ಧುಮುಕಿಸೋಕೆ ಬಿಟ್ಟು ಬಂದಿದೀರ."

ನನಗೆ ಉರಿದುಹೋಯಿತು. "ಹಾಗಾದ್ರೆ ಟೀಚರ್ ಡಯಾಲಿಸಿಸ್ ಬಿಡ್ಲಾ? ಅದಕ್ಕೊಂದು ವಾಕ್ಯ ಹೇಳು ನೋಡೋಣ!"

"ಅದಕ್ಕೆ ನಂಗೊತ್ತಿಲ್ಲ ರೀ. ನಿಜವಾಗ್ಲೂ ಗೊತ್ತಿಲ್ಲ. ಆದ್ರೆ ಆ ಬಾಗಿಲು ಗೊತ್ತು."

ಸ್ಕೂಟರ್ ಹತ್ತಿದೆ. ಕಾರ್ಯದರ್ಶಿಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಸಂಜೆ ಸಂಗೀತ ಕೇಳಲು ಹೋಗುವುದಾಗಿ ಹೇಳಿದ್ದರು. ಬೇರೆ ಯಾರ ನಂಬರೂ ನನ್ನಲ್ಲಿರಲಿಲ್ಲ. ಇದ್ದರೂ ಮೋಟರ್ ಕೋಣೆಯ ಕೀಲಿ ನನ್ನ ಜೇಬಿನಲ್ಲಿ. ಮೆಜೆಸ್ಟಿಕ್ ಹತ್ತಿರ ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡೆ. ಮುಂದಿನ ಬಸ್ಸು ಅಲುಗಲಿಲ್ಲ, ಹಿಂದಿನದು ಹಾರ್ನ್ ನಿಲ್ಲಿಸಲಿಲ್ಲ. ಅಲ್ಲಿ ಕಳೆದಷ್ಟು ಹೊತ್ತು ನಾನು ಪ್ರಾರ್ಥನೆ ಮಾಡಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಮಾಡಲಿಲ್ಲ. ಹಗ್ಗದ ಗಂಟನ್ನು ಹೇಗೆ ಹಾಕಿದ್ದೆ ಎಂಬುದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಬಿಚ್ಚಿ ಕಟ್ಟುತ್ತಿದ್ದೆ.

ಏಳೂವರೆಗೆ ಕಟ್ಟಡದೊಳಗೆ ನುಗ್ಗಿ ಮೆಟ್ಟಿಲು ಹತ್ತಿದೆ. ಎರಡನೇ ಮಹಡಿಯಲ್ಲಿ ಹಗ್ಗವಿರಲಿಲ್ಲ. ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ನೇತುಹಾಕಿದ್ದರು. ರಟ್ಟು ಅದರ ಹಿಂದೆ ಗೋಡೆಗೆ ಮುಖ ಮಾಡಿತ್ತು. ಮನೆಯ ಹೊಸ್ತಿಲಾಚೆ ಏಳೆಂಟು ಜೊತೆ ಚಪ್ಪಲಿ, ಅದರಲ್ಲಿ ಎರಡು ಜೊತೆ ನನ್ನ ಅಂಗೈಯಷ್ಟೂ ಇಲ್ಲ. ಒಳಗೆ ನಗು, ತಟ್ಟೆಯ ಸದ್ದು. ಬಾಗಿಲ ಹಿಡಿಗೆ ಎರಡು ಬೆರಳು ಹಾಕಿ ಎಳೆದೆ. ಬಂತು. ಲಿಫ್ಟ್ ಎಲ್ಲೋ ಮೇಲಿತ್ತು.

ಬಾಗಿಲು ಒತ್ತಿ ಬೆನ್ನು ಕೊಟ್ಟು ನಿಂತುಕೊಂಡೆ.

ಮನೆಯ ಯಜಮಾನರು ಹೊರಗೆ ಬಂದರು, ನನ್ನ ವಯಸ್ಸಿನವರೇ. "ಅಯ್ಯೋ, ಹಗ್ಗ ನಿಮ್ದಾ? ನೆಂಟ್ರು ಬಂದಿದ್ರು, ಅಡ್ಡ ಬರ್ತಿತ್ತು ಅಂತ ಬಿಚ್ಚಿಟ್ಟೆ ಸಾರ್. ಲಿಫ್ಟ್ ಓಡ್ತಿತ್ತಲ್ಲ, ರಿಪೇರಿ ಆಗೋಯ್ತು ಅಂದ್ಕೊಂಡೆ."

ಅವರ ಮೇಲೆ ಹರಿಹಾಯಲು ಬಾಯಿ ತೆರೆದೆ. ಆದರೆ ಲಿಫ್ಟ್ ಓಡಿದರೆ ರಿಪೇರಿಯಾಯಿತು ಎಂದಲ್ಲದೆ ಅವರು ಮತ್ತೇನೆಂದುಕೊಳ್ಳಬೇಕಿತ್ತು? ಸುಳ್ಳು ಹೇಳಿದ್ದು ನಾನು ಸಿಕ್ಕಿಸಿದ ತಂತಿ. ಅವರನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ಮೇಲೆ ಹೋಗಿ, ಲಿಫ್ಟಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಕರೆಂಟ್ ತೆಗೆದೆ, ಜಂಪರ್ ಕಿತ್ತೆ.

ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಫೋನ್. "ಏನ್ರೀ, ಮತ್ತೆ ಕೆಟ್ಟೋಯ್ತಾ?" ಎಷ್ಟು ಸುಲಭದ ಪ್ರಶ್ನೆ! ಹೌದು ಸಾರ್ ಎಂದಿದ್ದರೆ ಮುಗಿದಿತ್ತು. ಪೆಟ್ಟಿಗೆ ಎದುರಿಗಿರಲಿಲ್ಲ, ಆದರೂ ಮೊದಲನೇ ಚೀಟಿ ಕಣ್ಣಿಗೆ ಕಟ್ಟಿತು.

"ಕೆಟ್ಟಿಲ್ಲ ಸಾರ್. ರಿಪೇರಿನೇ ಆಗಿರ್ಲಿಲ್ಲ. ನಿನ್ನೆ ತಂತಿ ಹಾಕಿ ಓಡಿಸ್ದೆ, ನಾನೇ ಕಿತ್ತೆ."

ಆಮೇಲೆ ನಮ್ಮ ಮಾಲೀಕರಿಗೆ ದೂರು ಹೋಯಿತು. ಮಾಲೀಕರು, "ಹಾಕಿದ್ಮೇಲೆ ಬಾಯಿ ಮುಚ್ಕೊಂಡಿರ್ಬೇಕು, ಇಲ್ಲ ಹಾಕ್ಲೇಬಾರ್ದು. ಎರಡೂ ಬಿಟ್ಟು ಮೂರನೇದು ಮಾಡ್ತೀಯಲ್ಲ!" ಎಂದರು. ಅರ್ಧ ಸರಿಯಾದ ಮಾತು.

ಅದರ ಹಿಂದಿನ ವರ್ಷ ಅಕ್ಕಿಪೇಟೆಯ ಒಂದು ಮಳಿಗೆಯಿಂದ ಇದೇ ಮಾದರಿಯ ಲಿಫ್ಟನ್ನು ಬಿಚ್ಚಿ ಗುಜರಿಗೆ ಹಾಕಿದ್ದೆವು. ಬುಧವಾರ ಮಧ್ಯಾಹ್ನದವರೆಗೆ ಆ ಗುಜರಿಯಲ್ಲಿ ಕಬ್ಬಿಣ ಮಗುಚಿದೆ. ಲಾಕ್ ಸಿಕ್ಕಿತು. ಕೊಕ್ಕೆ ಚೂಪಾಗಿತ್ತು, ಸ್ವಿಚ್ ಗಟ್ಟಿಯಾಗಿತ್ತು. ಕೈಯಲ್ಲಿ ಹಿಡಿದು ತಿರುಗಿಸಿದಾಗ ಗೊತ್ತಾಯಿತು, ಅದು ಬಲಕ್ಕೆ ತೆರೆಯುವ ಬಾಗಿಲಿನದು. ನಮಗೆ ಬೇಕಾದದ್ದು ಎಡಕ್ಕೆ. ಕೊಕ್ಕೆಯನ್ನು ತಿರುಗಿಸಿ ಹಾಕಲು ಬರುವುದಿಲ್ಲ. ಅದನ್ನು ಮತ್ತೆ ಕಬ್ಬಿಣದ ರಾಶಿಗೆ ಎಸೆದ ರಭಸಕ್ಕೆ ಗುಜರಿಯವನು ಬೆಚ್ಚಿದ.

ಇನ್ನು ಉಳಿದದ್ದು ಟೀಚರ ಮನೆ. ಮೇಲೆ ಹತ್ತುವಾಗ ಪ್ರತಿ ಮಹಡಿಯಲ್ಲೂ ನಿಂತೆ, ದಣಿವಿಗಲ್ಲ. ಅವರು ಕಿಟಕಿಯ ಬಳಿ ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ಎರಡು ಜೊತೆ ಪುಟ್ಟ ಚಪ್ಪಲಿಯ ತನಕ ಹೇಳಿದೆ. ಕೇಳುತ್ತಾ ಕೇಳುತ್ತಾ ಅವರ ಬೆನ್ನು ನೆಟ್ಟಗಾಯಿತು.

"ನಾನು ಆಶೀರ್ವಾದ ಬೇರೆ ಮಾಡಿದ್ನಲ್ಲ," ಎಂದರು. ಅಲ್ಲಿಯವರೆಗೆ ಅಪ್ಪಾ ಎಂದು ಮೆತ್ತಗೆ ಮಾತಾಡುತ್ತಿದ್ದವರು ತರಗತಿಯ ದನಿಯಲ್ಲಿ ಶುರು ಮಾಡಿದರು. "ಎದ್ದು ನಿಂತ್ಕೋ. ಆ ಮಕ್ಕಳಿಗೇನಾದ್ರೂ ಆಗಿದ್ರೆ? ನಾಲ್ಕನೇ ಮಹಡಿ ಮುದುಕಿಗೋಸ್ಕರ ಅಂತಿದ್ದೆ, ಅಲ್ವಾ? ನನ್ನ ಹೆಸರು ಹೇಳ್ಕೊಂಡು ತಪ್ಪು ಮಾಡೋಕೆ ನಿನಗ್ಯಾರು ಅಪ್ಪಣೆ ಕೊಟ್ಟಿದ್ದು?"

ನಲವತ್ತೆಂಟು ವರ್ಷದವನು ಕೈಕಟ್ಟಿ ನಿಂತಿದ್ದೆ. "ತಪ್ಪಾಯ್ತು ಟೀಚರ್. ಆದ್ರೆ ನೀವು ನಾಳೆ ಹೋಗ್ಲೇಬೇಕು. ಮಂಗಳವಾರ ಎತ್ತಿದ ಹಾಗೆ ಎತ್ತಲ್ಲ. ನಂಗೆ ಭಾರ ಎತ್ತೋದು ಗೊತ್ತು, ಅದೇ ನನ್ನ ಕೆಲಸ. ನಿನ್ನೆ ತಲೆ ಓಡಿಸ್ಲಿಲ್ಲ ಅಷ್ಟೆ."

"ಬೀಳಿಸಿದ್ರೆ ಸುಮ್ನೆ ಬಿಡಲ್ಲ," ಎಂದರು.

ಮೋಟರನ್ನೇ ಜಗ್ಗಿ ಕೂರಿಸಿದವನಿಗೆ ನಲವತ್ತು ಕಿಲೋ ಜೀವವನ್ನು ಇಳಿಸುವ ಉಪಾಯ ಎರಡು ದಿನ ಹೊಳೆಯಲಿಲ್ಲ. ತಂತಿಯ ಸುಲಭ ಕಣ್ಣೆದುರಿಗಿದ್ದರೆ ಬೇರೇನೂ ಕಾಣುವುದಿಲ್ಲ. ಅವರ ಮನೆಯ ಕೈಯುಳ್ಳ ಮರದ ಕುರ್ಚಿ ತೆಗೆದುಕೊಂಡೆ. ಕೂರುವ ಹಲಗೆಯ ಕೆಳಗೆ ಎರಡು ಜಿಐ ಪೈಪುಗಳನ್ನು ಹಾಯಿಸಿ, ಮೋಟರ್ ಎತ್ತುವ ಪಟ್ಟಿಯಿಂದ ಬಿಗಿದೆ. ಸೊಂಟಕ್ಕೆ ನನ್ನ ಸೇಫ್ಟಿ ಬೆಲ್ಟು. ಎಡಗೈಗೆ ದಿಂಬು ಕೊಟ್ಟು ಮಡಿಲಲ್ಲಿ. ಮೊದಲು ವಾಚ್‌ಮನ್ನನ್ನು ಕೂರಿಸಿ ಒಂದು ಮಹಡಿ ಇಳಿಸಿ ನೋಡಿದೆವು. ಹೊರಲು ನಾಲ್ವರು: ನಾನು, ವಾಚ್‌ಮನ್, ಎದುರಿಗೆ ಗಾಡಿ ಇಟ್ಟಿರುವ ಇಸ್ತ್ರಿಯವರು, ಮತ್ತೆ ಹಗ್ಗ ಬಿಚ್ಚಿದ ಎರಡನೇ ಮಹಡಿಯವರು. ಅವರನ್ನು ನಾನು ಕರೆಯಲಿಲ್ಲ, ವಿಷಯ ತಿಳಿದು ತಾವೇ ಬಂದಿದ್ದರು.

ಗುರುವಾರ ಬೆಳಿಗ್ಗೆ ಟೀಚರ್ ಕೂತು ಪೈಪುಗಳನ್ನು ನೋಡಿ, "ನನ್ನನ್ನ ಉತ್ಸವಮೂರ್ತಿ ಮಾಡ್ಬಿಟ್ರಲ್ಲೋ," ಎಂದರು. ಮೆಟ್ಟಿಲು ಇಳಿಯುವಾಗ ಮುಂದಿನವರು ಹೆಗಲಿನ ಮಟ್ಟಕ್ಕೆ, ಹಿಂದಿನವರು ಮೊಣಕಾಲಿನ ಮಟ್ಟಕ್ಕೆ ಹಿಡಿಯಬೇಕು, ಕುರ್ಚಿ ವಾಲಬಾರದು. ತಿರುವಿನಲ್ಲಿ ನಾನು ಎಣಿಸುತ್ತಿದ್ದೆ, ಉಳಿದವರು ಎಣಿಕೆಗೆ ಹೆಜ್ಜೆ ಇಡುತ್ತಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ನನ್ನ ಲೆಕ್ಕ ತಪ್ಪಿ ಟೀಚರ ಬಲಗಾಲು ಕಲ್ಲಿನ ಮೆಟ್ಟಿಲಿನ ಅಂಚಿಗೆ ತಗುಲಿತು. ನಾನು ಕಲ್ಲಾಗಿ ನಿಂತೆ. ಯಾವ ಮಾತು ನೆನಪಾಯಿತೆಂದು ಹೇಳಬೇಕಾಗಿಲ್ಲ.

"ಏನಾಗಿಲ್ಲ, ನಡೀರಿ," ಎಂದರು ಟೀಚರ್. "ಮನುಷ್ಯರು ಎತ್ತಿದ್ರೆ ಅಷ್ಟು ತಗುಲತ್ತೆ."

ಅಂದು ಮಧ್ಯಾಹ್ನ ಹತ್ತಿಸಿದೆವು. ಶನಿವಾರ ಬೆಳಿಗ್ಗೆ ಮತ್ತೆ ಇಳಿಸಿದೆವು. ನನ್ನ ಮೊಣಕಾಲು ಇಂದಿಗೂ ಆ ಮೆಟ್ಟಿಲುಗಳನ್ನು ಮರೆತಿಲ್ಲ. ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಮೆಜೆಸ್ಟಿಕ್‌ನಿಂದ ಪಾರ್ಸಲ್ ತಂದು ಹೊಸ ಲಾಕ್ ಕೂರಿಸಿದೆ. ಜಂಪರ್ ಇಲ್ಲದೆ ಮೋಟರ್ ಎದ್ದಿತು. ಲಿಫ್ಟನ್ನು ಹತ್ತು ಸಲ ಮೇಲೆ ಕೆಳಗೆ ಓಡಿಸಿದೆ. ಆ ಕೆಂಪು ತಂತಿಯನ್ನು ಬಿಸಾಡಿಬಿಟ್ಟೆ ಎಂದುಕೊಳ್ಳಬೇಡಿ. ಪರೀಕ್ಷೆಗೆ ಬೇಕು, ಪೆಟ್ಟಿಗೆಯಲ್ಲೇ ಇದೆ, ಚೀಟಿಗಳಿಂದ ಒಂದು ಗೇಣು ದೂರದಲ್ಲಿ. ವಾಗ್ದಾನದ ಚೀಟಿಯನ್ನೂ ಕೀಳಲಿಲ್ಲ. ಅದರ ಕೆಳಗೆ ಸ್ವಾಮಿ ಕೊಟ್ಟ ಉತ್ತರವನ್ನು ಬರೆದು ಅಂಟಿಸಿದ್ದೇನೆ.

ಟೀಚರ್ ಮಧ್ಯಾಹ್ನ ಬಂದು ಲಿಫ್ಟಿನ ಮುಂದೆ ಮಗಳ ತೋಳು ಹಿಡಿದು ನಿಂತರು. ಒಳಗೆ ಕಾಲಿಡಲಿಲ್ಲ.

"ತಂತಿ ಹಾಕಿಲ್ಲ ತಾನೇ?"

"ಇಲ್ಲ ಟೀಚರ್."

"ದೇವರಾಣೆ?"

"ನಾವು ಆಣೆ ಇಡಲ್ಲ ಟೀಚರ್. ಇಲ್ಲ ಅಂದ್ರೆ ಇಲ್ಲ."

"ಮೊನ್ನೇನೂ ನಿನ್ನ ಮೇಲೆ ನಂಬಿಕೆ ಇಟ್ಟೇ ಹತ್ತಿದ್ದೆ," ಎಂದರು. "ಹೋಗು, ಎರಡನೇ ಮಹಡಿ ಬಾಗಿಲು ಎಳಿ. ನನಗೆ ಇಲ್ಲಿಗೆ ಕೇಳ್ಬೇಕು."

ಮೆಟ್ಟಿಲು ಹತ್ತಿ ಹೋದೆ. ಎರಡೂ ಕೈಯಲ್ಲಿ ಹಿಡಿದು, ಕಾಲನ್ನು ಗೋಡೆಗೆ ಕೊಟ್ಟು ಜಗ್ಗಿದೆ. ಬಾಗಿಲು ಗಡಗಡ ಎಂದಿತು, ಬರಲಿಲ್ಲ. ಮತ್ತೊಮ್ಮೆ ಜಗ್ಗಿದೆ.

"ಬರ್ತಿಲ್ಲ ಟೀಚರ್!" ಎಂದು ಕೂಗಿದೆ.

ಕೆಳಗೆ ಬಾಗಿಲು ಮುಚ್ಚಿದ ಸದ್ದಾಯಿತು. ಮೋಟರ್ ಎದ್ದಿತು, ಹಗ್ಗಗಳು ಅಲುಗಿದವು. ನಾನು ಹಿಡಿ ಬಿಡಲಿಲ್ಲ, ಜಗ್ಗುತ್ತಲೇ ನಿಂತಿದ್ದೆ. ಗಾಜಿನ ಪಟ್ಟಿಯಲ್ಲಿ ಮೊದಲು ಬೆಳಕು ಬಂತು, ಆಮೇಲೆ ಬಿಳಿ ಕೂದಲು. ಟೀಚರ್ ನನ್ನ ಮುಖ ನೋಡಲಿಲ್ಲ. ನನ್ನ ಕೈಗಳನ್ನು ನೋಡುತ್ತಾ ಮೇಲೆ ಹೋದರು.